ವಿಲಿಯಂ ಬರುವ ಮುಂಚೆ ಇಂಗ್ಲೆಂಡಿನಲ್ಲಿ ಸರ್ಕಾರ ಇತ್ತಾ? ಇತಿಹಾಸದ ಮೇಷ್ಟ್ರಿಗೆ ಪ್ರಶ್ನೆಗಳು

ಪ್ರಶ್ನೆ: ಸರ್, ಮಗಳ ಜೊತೆ 1066ರ ಹೇಸ್ಟಿಂಗ್ಸ್ ಯುದ್ಧದ ವಿಡಿಯೋ ನೋಡಿದೆ. ಫ್ರಾನ್ಸಿನ ನಾರ್ಮಂಡಿಯ ವಿಲಿಯಂ ಆ ಯುದ್ಧ ಗೆದ್ದು ಬಂದ ಮೇಲೇನೇ ಇಂಗ್ಲೆಂಡಿಗೆ ಒಂದು ಆಡಳಿತ ಅಂತ ಬಂತು ಅಂದರು. ಅದಕ್ಕೆ ಮುಂಚೆ ಇದ್ದ ಆಂಗ್ಲೋ-ಸ್ಯಾಕ್ಸನ್ನರು ಬರೀ ಹೊಡೆದಾಡಿಕೊಂಡು ಇದ್ದವರೇ?

ಉತ್ತರ: ಉಲ್ಟಾ ಹೇಳಿದ್ದಾರೆ. ವಿಲಿಯಂ ಬಂದು ಕೂತಿದ್ದು ಓಡುತ್ತಿದ್ದ ಗಾಡಿಯ ಮೇಲೆ. ಗಾಡಿ ಮಾಡಿದವರು ಈ ಆಂಗ್ಲೋ-ಸ್ಯಾಕ್ಸನ್ನರೇ.

ಇಪ್ಪತ್ತೈದು ವರ್ಷದಿಂದ ಇದೇ ಪಾಠ ಮಾಡುತ್ತಿದ್ದೇನೆ. ಹುಡುಗರಿಗೆ ಮೊದಲು ತೋರಿಸುವುದು ಒಂದು ಬೆಳ್ಳಿ ಪೆನ್ನಿಯ ಚಿತ್ರ. ನಮ್ಮ ಒಂದು ರೂಪಾಯಿ ನಾಣ್ಯಕ್ಕಿಂತ ಹಗುರ, ಹಪ್ಪಳದ ಹಾಗೆ ತೆಳು. ಒಂದು ಕಡೆ ರಾಜನ ಮುಖ, ಹೆಸರು. ಇನ್ನೊಂದು ಕಡೆ ಅಚ್ಚು ಹಾಕಿದ ಟಂಕಸಾಲೆಯವನ ಹೆಸರು ಮತ್ತು ಊರು. ತೂಕ ಕಮ್ಮಿ ಬಂದರೆ ಯಾರ ಕುತ್ತಿಗೆ ಹಿಡಿಯಬೇಕು ಅನ್ನುವುದು ನಾಣ್ಯದ ಮೇಲೇ ಇದೆ! ಕಳ್ಳ ನಾಣ್ಯ ಹಾಕಿದವನ ಕೈ ಕಡಿದು ಟಂಕಸಾಲೆಯ ಮೇಲೇ ತೂಗುಹಾಕಬೇಕು ಅಂತ ಅಥೆಲ್‌ಸ್ಟನ್ ರಾಜನ ಕಾನೂನು ಹೇಳುತ್ತದೆ.

973ರ ಆಸುಪಾಸಿನಲ್ಲಿ ಎಡ್ಗರ್ ರಾಜ ಇಡೀ ದೇಶಕ್ಕೆ ಒಂದೇ ಮಾದರಿಯ ನಾಣ್ಯ ತಂದ. ಅದೇ 973ರಲ್ಲಿ ನಮ್ಮ ಕಡೆ ಎರಡನೇ ತೈಲಪ ರಾಷ್ಟ್ರಕೂಟರನ್ನು ಕೆಳಗಿಳಿಸಿದ, ಕಾಲ ನೆನಪಿಡಲು ಸುಲಭ. ಎಡ್ಗರ್ ಆದಮೇಲೆ ಬಂದವರು ಕೆಲವು ವರ್ಷಕ್ಕೊಮ್ಮೆ ಹಳೇ ನಾಣ್ಯ ರದ್ದು ಮಾಡಿ ಹೊಸ ಅಚ್ಚು ತರುತ್ತಿದ್ದರು. ನಮಗೆ 2016ರಲ್ಲಿ ಒಂದು ಸಲಕ್ಕೇ ಸಾಕಾಗಿ ಹೋಯಿತು, ಅಲ್ವಾ? ಅವರದು ಮಾಮೂಲಿ ಕೆಲಸ. ಜನ ಹಳೇದು ಕೊಟ್ಟು ಹೊಸದು ತರಬೇಕು, ಅದರಲ್ಲಿ ಒಂದಿಷ್ಟು ಮುರಿದುಕೊಳ್ಳುತ್ತಿದ್ದರು. ಅಚ್ಚು ಬದಲಾದಾಗ ವೂಸ್ಟರ್ ಊರಿನ ಒಬ್ಬೊಬ್ಬ ಟಂಕಸಾಲೆಯವನೂ ಲಂಡನ್ನಿಗೆ ಹೋಗಿ 20 ಶಿಲಿಂಗ್ ಕಟ್ಟಿ ಹೊಸ ಅಚ್ಚು ತರಬೇಕಿತ್ತು. ಆ ಕಾಲದ ಯುರೋಪಿನಲ್ಲಿ ಇಷ್ಟು ದೊಡ್ಡ ನಾಡಿನಲ್ಲಿ ಇಷ್ಟು ಬಿಗಿಯಾಗಿ ನಾಣ್ಯ ನಡೆಸಿದವರು ಬೇರೆ ಯಾರಿದ್ದರು ಹೇಳಿ.

ಪ್ರಶ್ನೆ: ಅಷ್ಟು ಗಟ್ಟಿ ಸರ್ಕಾರ ಇದ್ದರೆ, ಡೆನ್ಮಾರ್ಕ್, ಸ್ವೀಡನ್ ಕಡೆಯಿಂದ ಹಡಗಲ್ಲಿ ಬಂದು ದಾಳಿ ಮಾಡುತ್ತಿದ್ದ ವೈಕಿಂಗರಿಗೆ ಕಪ್ಪ ಕೊಟ್ಟಿದ್ದು ಯಾಕೆ?

ಉತ್ತರ: ಒಳ್ಳೇ ಪ್ರಶ್ನೆ. ಗಟ್ಟಿ ಇದ್ದದ್ದು ವಸೂಲಿ. ಯುದ್ಧದ ಕಥೆ ಬೇರೆ.

ಆ ಕಾಲದ ವೃತ್ತಾಂತದ ಲೆಕ್ಕ ನೋಡಿ. 991ರಲ್ಲಿ 10,000 ಪೌಂಡ್. 994ರಲ್ಲಿ 16,000. 1012ರಲ್ಲಿ 48,000. ಕೊನೆಗೆ ಡೇನರ (ಡೆನ್ಮಾರ್ಕಿನವರ) ಕ್ನೂಟ್ ತಾನೇ ರಾಜನಾಗಿ ಕೂತ ಮೇಲೆ 1018ರಲ್ಲಿ 72,000, ಲಂಡನ್ನಿನಿಂದ ಬೇರೆ 10,500. ಪೌಂಡಿಗೆ 240 ಪೆನ್ನಿ. ಆ 72,000 ಪೌಂಡ್ ಅಂದರೇನೇ 1 ಕೋಟಿ 72 ಲಕ್ಷ ನಾಣ್ಯಕ್ಕೂ ಜಾಸ್ತಿ. ಸಂಖ್ಯೆ ಸ್ವಲ್ಪ ಉಬ್ಬಿಸಿದ್ದಾರೆ ಅನ್ನುವ ವಿದ್ವಾಂಸರೂ ಇದ್ದಾರೆ, ಆ ಜಗಳ ಇನ್ನೂ ಮುಗಿದಿಲ್ಲ. ಆದರೆ ಆ ಕಾಲದ ಇಂಗ್ಲಿಷ್ ಪೆನ್ನಿಗಳು ಸ್ವೀಡನ್ನಿನ ಮಣ್ಣಲ್ಲಿ ಸಿಕ್ಕಷ್ಟು ಇಂಗ್ಲೆಂಡಿನಲ್ಲೇ ಸಿಕ್ಕಿಲ್ಲ. ದುಡ್ಡು ಎತ್ತ ಹೋಯಿತು ಅಂತ ಅದೇ ಹೇಳುತ್ತದೆ.

ವಸೂಲಿ ಹೇಗೆ ಅಂದರೆ, ಊರೂರಿನ ಜಮೀನನ್ನು 'ಹೈಡ್' ಲೆಕ್ಕದಲ್ಲಿ ಬರೆದಿಟ್ಟಿದ್ದರು. ಮೂಲದಲ್ಲಿ ಒಂದು ಮನೆತನ ಬದುಕುವಷ್ಟು ಭೂಮಿ ಅಂತ ಅದರ ಅರ್ಥ. ಹೈಡುಗಳು ಸೇರಿ 'ಹಂಡ್ರೆಡ್', ಅವು ಸೇರಿ 'ಶೈರ್'. ನಮ್ಮ ಹೋಬಳಿ, ಜಿಲ್ಲೆ ಅಂದುಕೊಳ್ಳಿ. ರಾಜ ಮೊತ್ತ ಹೇಳಿದರೆ ಸಾಕು, ಅದು ಹಂಚಿಕೊಂಡು ಹಂಚಿಕೊಂಡು ಕೊನೆಯ ಹೊಲದವರೆಗೂ ಇಳಿಯುತ್ತಿತ್ತು.

ಜನ ಸುಮ್ನೆ ಕೊಟ್ಟರಾ? ಇಲ್ಲ. 1041ರಲ್ಲಿ ಹಾರ್ಥಕ್ನೂಟ್ ರಾಜ ತೆರಿಗೆ ಎತ್ತಲು ತನ್ನ ಅಂಗರಕ್ಷಕರನ್ನೇ ಊರೂರಿಗೆ ಅಟ್ಟಿದ. ವೂಸ್ಟರಿನಲ್ಲಿ ಜನ ತಿರುಗಿಬಿದ್ದರು. ಇಬ್ಬರು ಓಡಿಹೋಗಿ ಮಠದ ಗೋಪುರದಲ್ಲಿ ಅಡಗಿಕೊಂಡರು. ಅಲ್ಲೇ ಹಿಡಿದು ಕೊಂದರು. ರಾಜ ದೊಡ್ಡ ದೊಡ್ಡ ಅರ್ಲ್‌ಗಳನ್ನೆಲ್ಲ (ಪ್ರಾಂತ್ಯ ನೋಡಿಕೊಳ್ಳುವ ಸರದಾರರು ಅನ್ನಿ) ಸೈನ್ಯ ಕೊಟ್ಟು ಕಳಿಸಿದ. ನಾಲ್ಕು ದಿನ ಲೂಟಿ, ಐದನೇ ದಿನ ಊರಿಗೇ ಬೆಂಕಿ. ಊರವರು ಮೊದಲೇ ಸೆವರ್ನ್ ನದಿಯ ನಡುಗಡ್ಡೆ ಸೇರಿಕೊಂಡು ಅಲ್ಲಿಂದ ಹೊಡೆದಾಡಿ ಜೀವ ಉಳಿಸಿಕೊಂಡರು.

ಪ್ರಶ್ನೆ: ಹೆಂಗಸರ ಹೆಸರಲ್ಲಿ ಆಸ್ತಿ ಇರುತ್ತಿತ್ತಾ ಸರ್? ಕೋರ್ಟು ಕಚೇರಿ ಹೇಗಿತ್ತು?

ಉತ್ತರ: ಇರುತ್ತಿತ್ತು, ಉಯಿಲೂ ಬರೆಯುತ್ತಿದ್ದರು. ಕೋರ್ಟು ಅಂದರೆ ಕಟ್ಟಡ ಅಲ್ಲ, ಸಭೆ. ಹಂಡ್ರೆಡ್ ಸಭೆ ನಾಲ್ಕು ವಾರಕ್ಕೊಮ್ಮೆ, ಶೈರ್ ಸಭೆ ವರ್ಷಕ್ಕೆ ಎರಡು ಸಲ. ರಾಜನ ಪರವಾಗಿ 'ಶೈರ್ ರೀವ್' ಇರುತ್ತಿದ್ದ. ಅದೇ ಸವೆದು 'ಶೆರಿಫ್' ಆಯಿತು.

ಕ್ನೂಟನ ಕಾಲದ ಒಂದು ಕೇಸು ಹೇಳುತ್ತೇನೆ, ನನಗೆ ತುಂಬಾ ಇಷ್ಟ. ಹೆರಿಫರ್ಡ್ ಶೈರಿನ ಸಭೆ ನಡೆದಿದೆ. ಬಿಷಪ್, ಅರ್ಲ್, ಶೆರಿಫ್, ಊರಿನ ಥೇನ್‌ಗಳು (ಜಮೀನುದಾರರು ಅನ್ನಿ) ಎಲ್ಲ ಕೂತಿದ್ದಾರೆ. ಎಡ್ವಿನ್ ಅನ್ನುವವನು ಬಂದು ಹೆತ್ತ ತಾಯಿಯ ಮೇಲೇ ಜಮೀನಿನ ದಾವೆ ಹಾಕಿದ. ತಾಯಿಯ ಪರ ಯಾರು ಮಾತಾಡುತ್ತೀರಿ ಅಂತ ಬಿಷಪ್ ಕೇಳಿದ. ಥುರ್ಕಿಲ್ ಅನ್ನುವ ಸಂಬಂಧಿಕ, ವಿಷಯ ಗೊತ್ತಿದ್ದರೆ ನಾನೇ ಮಾತಾಡುತ್ತಿದ್ದೆ ಅಂದ. ಸರಿ, ಮೂವರು ಥೇನ್‌ಗಳು ಕುದುರೆ ಹತ್ತಿ ಆಯಮ್ಮನ ಊರಿಗೇ ಹೋದರು.

ಆಯಮ್ಮ ಕೆರಳಿಬಿಟ್ಟಳು. ಅವನಿಗೆ ಸೇರಿದ ಒಂದು ಅಂಗುಲ ನೆಲವೂ ನನ್ನಲ್ಲಿಲ್ಲ ಅಂದಳು. ಪಕ್ಕದಲ್ಲಿದ್ದ ಸಂಬಂಧಿ ಲಿಯೋಫ್ಲೆಡ್‌ಳನ್ನು ಕರೆದು, ನಾನು ಸತ್ತಮೇಲೆ ಜಮೀನು, ಚಿನ್ನ, ಬಟ್ಟೆಬರೆ ಎಲ್ಲ ಇವಳಿಗೆ, ಮಗನಿಗೆ ಏನೂ ಇಲ್ಲ, ಹೋಗಿ ಸಭೆಗೆ ಹೇಳಿ ಅಂದಳು. ಈ ಲಿಯೋಫ್ಲೆಡ್ ಯಾರ ಹೆಂಡತಿ ಗೊತ್ತಾ? ಅದೇ ಥುರ್ಕಿಲ್‌ನವಳು! ಸಭೆ ಒಪ್ಪಿತು. ಥುರ್ಕಿಲ್ ತಡ ಮಾಡದೆ ಹೆರಿಫರ್ಡಿನ ಚರ್ಚಿಗೆ ಹೋಗಿ ಸುವಾರ್ತೆಯ ಪುಸ್ತಕದಲ್ಲಿ ಇದನ್ನೆಲ್ಲ ಬರೆಸಿಬಿಟ್ಟ. ಪುಸ್ತಕ ಇವತ್ತಿಗೂ ಅಲ್ಲೇ ಇದೆ. ಇಷ್ಟೆಲ್ಲ ಬರೆಸಿದವನು ಆ ತಾಯಿಯ ಹೆಸರನ್ನು ಮಾತ್ರ ಬರೆಸಲಿಲ್ಲ, ನೋಡಿ.

ಪ್ರಶ್ನೆ: ಬರೆಸಿದ್ದು ಲ್ಯಾಟಿನ್ನಿನಲ್ಲೇ?

ಉತ್ತರ: ಅಲ್ಲ, ಅವರ ಇಂಗ್ಲಿಷಿನಲ್ಲೇ. ರಾಜ ಶೈರ್ ಸಭೆಗೆ ಮೊಹರು ಹಾಕಿ ಕಳಿಸುವ ಚೀಟಿಯೂ ಇಂಗ್ಲಿಷೇ. ದಾನಪತ್ರಗಳು ಲ್ಯಾಟಿನ್, ಆದರೆ ಗಡಿ ಹೇಳುವಾಗ ಮತ್ತೆ ಇಂಗ್ಲಿಷ್: ಹಳ್ಳದಿಂದ ಮುಳ್ಳಿನ ಮರಕ್ಕೆ, ಅಲ್ಲಿಂದ ಹಳೇ ದಾರಿಗೆ. ನಮ್ಮ ತಾಮ್ರಪಟದಲ್ಲೂ ಹೊಗಳಿಕೆ ಸಂಸ್ಕೃತದಲ್ಲಿ, ಗಡಿ ಕನ್ನಡದಲ್ಲಿ ಬರುವುದುಂಟಲ್ಲ, ಥೇಟ್ ಹಾಗೆ. ಗಡಿ ತಂಟೆ ಬರುವುದು ಊರವರ ಮಧ್ಯೆ, ಅವರಿಗೆ ಅರ್ಥ ಆಗಬೇಕಲ್ಲ.

ಪ್ರಶ್ನೆ: ಎಲ್ಲ ಸರಿ, ಬಡವರ ಕಥೆ?

ಉತ್ತರ: ಅಲ್ಲಿ ನಾನೂ ಹೊಗಳಲಾರೆ. ಜೀವಕ್ಕೇ ರೇಟು ಇತ್ತು. ಥೇನ್ ಸತ್ತರೆ 1,200 ಶಿಲಿಂಗ್ ಪರಿಹಾರ, ಸಾಮಾನ್ಯ ರೈತ ಸತ್ತರೆ 200. ಅದಕ್ಕೂ ಕೆಳಗೆ ಗುಲಾಮರು. 1086ರಲ್ಲಿ ವಿಲಿಯಂ ಮಾಡಿಸಿದ ಡೂಮ್ಸ್‌ಡೇ ಲೆಕ್ಕದಲ್ಲಿ ಎಣಿಸಿದವರಲ್ಲಿ ಹತ್ತರಲ್ಲಿ ಒಬ್ಬರು ಗುಲಾಮರು.

ಎಲ್ಫ್ರಿಕ್ ಅನ್ನುವ ಸನ್ಯಾಸಿ ಮಕ್ಕಳಿಗೆ ಲ್ಯಾಟಿನ್ ಕಲಿಸಲು ಒಂದು ಸಂಭಾಷಣೆ ಬರೆದ. ಅದರಲ್ಲಿ ಒಬ್ಬ ಉಳುವವನು ಬರುತ್ತಾನೆ. ಎಂಥ ಚಳಿ ಇದ್ದರೂ ದಿನಕ್ಕೆ ಒಂದು ಎಕರೆಯಾದರೂ ಉಳಬೇಕು. ಎತ್ತು ಅಟ್ಟುವ ಹುಡುಗನಿಗೆ ಚಳಿಗೆ, ಕೂಗಾಟಕ್ಕೆ ಗಂಟಲು ಕಟ್ಟಿದೆ. ಬಹಳ ಕಷ್ಟದ ಕೆಲಸ, ಯಾಕೆಂದರೆ ನಾನು ಸ್ವತಂತ್ರನಲ್ಲ ಅನ್ನುತ್ತಾನೆ.

ಬ್ರಿಸ್ಟಲ್ ಬಂದರಿನಿಂದ ಜನರನ್ನು ಐರ್ಲೆಂಡಿಗೆ ಮಾರುತ್ತಿದ್ದರು. ವೂಸ್ಟರಿನ ಬಿಷಪ್ ವುಲ್ಫ್‌ಸ್ಟನ್ ಅಲ್ಲಿಗೇ ಹೋಗಿ ಇದು ಬೇಡ ಅಂತ ಬೋಧನೆ ಮಾಡಬೇಕಾಯಿತು. ನಾರ್ಮನ್ನರು ಬಂದ ಒಂದೆರಡು ತಲೆಮಾರಿನಲ್ಲಿ ಗುಲಾಮಗಿರಿ ಕರಗಿಹೋಯಿತು, 1102ರಲ್ಲಿ ಚರ್ಚಿನ ಸಭೆ ಮನುಷ್ಯರ ಮಾರಾಟವನ್ನು ನಿಷೇಧಿಸಿತು. ಇದೊಂದು ವಿಷಯಕ್ಕೆ ಬೇಕಾದರೆ ಆ ವಿಡಿಯೋದವರಿಗೆ ಅರ್ಧ ಮಾರ್ಕ್ಸ್ ಕೊಡುತ್ತೇನೆ.