12 ಬೋರ್, 32 ಗ್ರಾಂ ತೋಟಾ: ಮೂರನೇ ರೌಂಡಿಗೆ ಕೆನ್ನೆ ಊದುತ್ತದೆ, ಗುಂಡು ಹೊಡೆಯುವ ಮೊದಲೇ ಕಣ್ಣು ಮುಚ್ಚುತ್ತದೆ

ಕ್ಲೇಕಲಿಕೆ:
ಎಲ್ಲರಿಗೂ ನಮಸ್ಕಾರ. ಟ್ರ್ಯಾಪ್ (ಯಂತ್ರ ಎಸೆಯುವ ಗುರಿಬಿಲ್ಲೆ, ಅಂದರೆ ಕ್ಲೇಯನ್ನು, ಬಂದೂಕಿನಿಂದ ಒಡೆಯುವ ಆಟ) ಶುರು ಮಾಡಿ ಎಂಟು ತಿಂಗಳಾಯಿತು. ಬಂದೂಕು 12 ಬೋರಿನ (ನಳಿಗೆಯ ಅಳತೆ, ಸಂಖ್ಯೆ ದೊಡ್ಡದಾದಷ್ಟು ನಳಿಗೆ ಸಣ್ಣ) ಓವರ್-ಅಂಡರ್, ಅಂದರೆ ಒಂದರ ಮೇಲೊಂದು ಎರಡು ನಳಿಗೆ, ತೂಕ 2.9 ಕೆ.ಜಿ. ನಿಜ ಹೇಳಬೇಕೆಂದರೆ ಇದು ಹೊತ್ತುಕೊಂಡು ಓಡಾಡಲು ಮಾಡಿದ ಹಗುರ ಬಂದೂಕು. ಮನೆಯಲ್ಲಿ ಇತ್ತು, ಅದನ್ನೇ ಹಿಡಿದು ಹೊರಟೆ. ತೋಟಾ 32 ಗ್ರಾಮಿನದು, ಅಂದರೆ ಒಳಗಿನ ಚರೆಯ (ಸಣ್ಣ ಗುಂಡುಗಳ) ಒಟ್ಟು ತೂಕ ಅಷ್ಟು, ಒಂದೊಂದು ಚರೆ 2.4 ಮಿ.ಮೀ. ವೇಗ ಸೆಕೆಂಡಿಗೆ 400 ಮೀಟರ್ ಎಂದು ಡಬ್ಬದ ಮೇಲಿದೆ.

ಮೊದಲ ಎರಡು ರೌಂಡ್ ಚೆನ್ನಾಗಿಯೇ ಹೋಗುತ್ತವೆ. 25ಕ್ಕೆ 18, 19 ಒಡೆಯುತ್ತವೆ. ಮೂರನೆಯದಕ್ಕೆ 12. ನಾಲ್ಕನೆಯದನ್ನು ಕೇಳಬೇಡಿ. ಕೆನ್ನೆ ಊದುತ್ತದೆ, ಭುಜ ನೋಯುತ್ತದೆ. ಅದಕ್ಕಿಂತ ಕೆಟ್ಟದ್ದು, ಟ್ರಿಗರ್ ಎಳೆಯುವ ಮೊದಲೇ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಒಂದೆರಡು ಸಲ ಬೆರಳು ಟ್ರಿಗರ್ ಮೇಲೆ ಸೆಟೆದು ಕಚ್ಚಿಕೊಂಡು ಗುಂಡೇ ಹೊಡೆಯಲಿಲ್ಲ, ಕ್ಲೇ ಆರಾಮಾಗಿ ಹೋಗಿ ನೆಲಕ್ಕೆ ಬಿತ್ತು.

24 ಗ್ರಾಂಗೆ ಇಳಿಯಿರಿ ಎಂದು ಒಬ್ಬರು, 20 ಬೋರ್ ತಗೊಳ್ಳಿ ಎಂದು ಇನ್ನೊಬ್ಬರು ಹೇಳಿದರು. 24 ಗ್ರಾಮಿಗೆ ಕ್ಲೇ ಒಡೆಯುತ್ತದಾ? ಇಲ್ಲಾ ತೋಟಾ ಬಿಚ್ಚಿ ಸ್ವಲ್ಪ ಮದ್ದು ತೆಗೆದರೆ ಹೇಗೆ?

ಹಳೇನಳಿಗೆ:
ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬೇಡ. ಖಂಡಿತ ಬೇಡ. ಮದ್ದು ಕಡಿಮೆಯಾದರೆ ಒತ್ತಡ ಸರಿಯಾಗಿ ಏಳದೆ ವಾಡ್ (ಮದ್ದಿಗೂ ಚರೆಗೂ ನಡುವಿನ ಬಿರಡೆ) ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಅದರ ಹಿಂದೆ ಇನ್ನೊಂದು ಗುಂಡು ಹೊಡೆದರೆ ನಳಿಗೆ ಸೀಳುತ್ತದೆ. ಅಂಗಡಿಯಿಂದ ತಂದ ತೋಟಾವೇ ಆಗಲಿ, ಢಂ ಅನ್ನುವ ಬದಲು ಟುಸ್ ಅಂದರೆ ಅಲ್ಲೇ ನಿಲ್ಲಿಸಿ. ನಳಿಗೆಯ ಬಾಯಿ ಮುಂದಕ್ಕೇ ಇರಲಿ, ಸ್ವಲ್ಪ ಹೊತ್ತು ಬಿಟ್ಟು ಬಂದೂಕನ್ನು ಕೀಲಿನಲ್ಲಿ ಬಗ್ಗಿಸಿ ತೆರೆದು ನಳಿಗೆಯ ಆಚೆ ಈಚೆ ಬೆಳಕು ಕಾಣುತ್ತದಾ ನೋಡಿ.

ಇನ್ನು ನೋವಿನ ವಿಷಯ. "ಭುಜ" ಅಂದರೆ ನನಗೆ ಏನೂ ಗೊತ್ತಾಗುವುದಿಲ್ಲ. ಅಂಗಿ ಬಿಚ್ಚಿ ಕನ್ನಡಿ ಮುಂದೆ ನಿಲ್ಲಿ. ನೀಲಿಗಟ್ಟಿದ್ದು ಸರಿಯಾಗಿ ಎಲ್ಲಿ? ಕೆನ್ನೆಯಲ್ಲಿ ಮೂಳೆಯ ಮೇಲಾ, ಕೆಳಗಾ? ಬೆರಳಿಗೆ ಏಟು ಬೀಳುತ್ತದಾ?

ಕ್ಲೇಕಲಿಕೆ:
ಮದ್ದಿನ ಯೋಚನೆ ಬಿಟ್ಟೆ. ನೀಲಿ ಇರುವುದು ಭುಜದ ಹೊರಗಡೆ, ತೋಳು ಶುರುವಾಗುವಲ್ಲಿ. ಕೆನ್ನೆಯಲ್ಲಿ ಮೂಳೆಯ ಸ್ವಲ್ಪ ಕೆಳಗೆ. ಬೆರಳು ಹೌದು! ನಡುಬೆರಳಿನ ಗೆಣ್ಣಿನ ಮೇಲೆ ಸಿಪ್ಪೆ ಎದ್ದಿದೆ. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಹೊಳೆಯಲೇ ಇಲ್ಲ.

ಚರೆಲೆಕ್ಕ:
ಅವರು ಮೈ ನೋಡಲಿ, ನಾನು ಲೆಕ್ಕ ಹೇಳುತ್ತೇನೆ.

ಮುಂದೆ ಹೋದದ್ದಕ್ಕೆ ತಕ್ಕಷ್ಟು ಬಂದೂಕು ಹಿಂದೆ ಬರುತ್ತದೆ. ಮುಂದೆ ಹೋಗುವುದು ಚರೆ ಒಂದೇ ಅಲ್ಲ, ವಾಡ್ ಮತ್ತು ಮದ್ದು ಉರಿದ ಅನಿಲವೂ ಸೇರುತ್ತದೆ. ವಾಡ್ 2.5 ಗ್ರಾಂ, ಮದ್ದು 1.5 ಗ್ರಾಂ, ಅನಿಲದ ವೇಗ ಚರೆಯ ಒಂದೂವರೆ ಪಟ್ಟು ಎಂದು ಹಿಡಿದೆ. ನಿಮ್ಮ 32 ಗ್ರಾಂ ತೋಟಾ 2.9 ಕೆ.ಜಿ. ಬಂದೂಕನ್ನು ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ಹಿಂದಕ್ಕೆ ತಳ್ಳುತ್ತದೆ. ಶಕ್ತಿ ಸುಮಾರು 37 ಜೂಲ್. ಅದೇ ಬಂದೂಕಿಗೆ 400 ಮೀಟರ್ ವೇಗದ 28 ಗ್ರಾಂ ಹಾಕಿದರೆ ಸುಮಾರು 30 ಜೂಲ್. 380 ಮೀಟರ್ ವೇಗದ 24 ಗ್ರಾಂ ಹಾಕಿದರೆ ಸುಮಾರು 21. ಹೆಚ್ಚುಕಡಿಮೆ ಅರ್ಧ! ಇದರಲ್ಲಿ ವೇಗ ಇಳಿಸಿ ಸಿಕ್ಕಿದ್ದು ಎರಡು ಜೂಲ್ ಚಿಲ್ಲರೆ ಮಾತ್ರ, ಉಳಿದದ್ದೆಲ್ಲ ಚರೆಯ ತೂಕ ಇಳಿಸಿದ್ದರಿಂದ. ಮದ್ದಿನ ತೂಕ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬದಲಾಗುತ್ತದೆ, ಹಾಗಾಗಿ ಜೂಲ್ ಲೆಕ್ಕ ಒಂದೆರಡು ಆಚೀಚೆ ಆಗಬಹುದು. ಅನುಪಾತ ಹೀಗೇ ಇರುತ್ತದೆ.

ಕ್ಲೇ ಒಡೆಯುತ್ತದಾ ಅಂದಿರಿ. ಒಲಿಂಪಿಕ್ ಟ್ರ್ಯಾಪ್ ಮತ್ತು ಸ್ಕೀಟ್ (ಇನ್ನೊಂದು ಬಗೆಯ ಕ್ಲೇ ಆಟ) ನಿಯಮದಲ್ಲಿ ಚರೆಯ ಮಿತಿಯೇ 24 ಗ್ರಾಂ. ಒಲಿಂಪಿಕ್ ಟ್ರ್ಯಾಪಿನ ಕ್ಲೇಯನ್ನು 76 ಮೀಟರ್ ದೂರ ಹೋಗುವಂತೆ ಎಸೆಯುತ್ತಾರೆ, ಅದೂ 24 ಗ್ರಾಮಿಗೇ ಪುಡಿಯಾಗುತ್ತದೆ. 2.4 ಮಿ.ಮೀ. ಚರೆ 24 ಗ್ರಾಮಿನಲ್ಲಿ ಸುಮಾರು 300 ಇರುತ್ತವೆ, 32ರಲ್ಲಿ ಸುಮಾರು 400. ಆ ಹೆಚ್ಚಿನ ನೂರು ಚರೆ ಕಣ್ಣು ಮುಚ್ಚಿ ಹೊಡೆದವರನ್ನು ಕಾಪಾಡುವುದಿಲ್ಲ.

20 ಬೋರ್ ಬಗ್ಗೆ ಒಂದು ಮಾತು. ಬೋರ್ ಚಿಕ್ಕದಾದರೆ ಒದೆತ ಕಡಿಮೆ ಅನ್ನುವುದು ಅರ್ಧ ಸತ್ಯ. 20 ಬೋರ್ ಬಂದೂಕು ಸಾಮಾನ್ಯವಾಗಿ ಹಗುರ. 2.7 ಕೆ.ಜಿ.ಯದರಲ್ಲಿ ಅದೇ 24 ಗ್ರಾಂ ಹೊಡೆದರೆ 22 ಜೂಲ್ ದಾಟುತ್ತದೆ, ಈಗಿನ ನಿಮ್ಮ ಬಂದೂಕಿಗಿಂತ ಜಾಸ್ತಿ! 3.6 ಕೆ.ಜಿ.ಯ 12 ಬೋರ್ ಟ್ರ್ಯಾಪ್ ಬಂದೂಕಿನಲ್ಲಿ ಅದು ಸುಮಾರು 17ಕ್ಕೆ ಇಳಿಯುತ್ತದೆ.

ಹಳೇನಳಿಗೆ:
20 ಬೋರ್ ಮಾತು ಬಂತಲ್ಲ, ಇದನ್ನೂ ಸೇರಿಸುತ್ತೇನೆ. 20 ಬೋರ್ ತೋಟಾ 12 ಬೋರ್ ನಳಿಗೆಯೊಳಗೆ ಜಾರಿ ಮುಂದೆ ಹೋಗಿ ನಿಲ್ಲುತ್ತದೆ. ನಳಿಗೆ ಖಾಲಿ ಅಂದುಕೊಂಡು ಅದರ ಹಿಂದೆ 12 ಬೋರ್ ತೋಟಾ ಹಾಕಿದರೆ ಕೈ ಉಳಿಯುವುದಿಲ್ಲ. 20 ಬೋರ್ ತೋಟಾಕ್ಕೆ ಹಳದಿ ಬಣ್ಣ ಕೊಡುವುದೇ ಇದಕ್ಕೆ. ಎರಡೂ ಒಂದೇ ಚೀಲದಲ್ಲಿ ಇರಬಾರದು.

ಈಗ ನಿಮ್ಮ ಮೂರು ಗಾಯ. ತೋಟಾ ಒದ್ದದ್ದು ನಿಜ, ಆದರೆ ಎಲ್ಲಿ ಒದೆಯಬೇಕು ಅಂತ ತೋರಿಸಿಕೊಟ್ಟದ್ದು ಸ್ಟಾಕು, ಅಂದರೆ ಭುಜಕ್ಕೆ ಊರುವ ಹಿಂದಿನ ಮರ.

ನಡುಬೆರಳು: ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತಲಿನ ಲೋಹದ ಬಳೆ) ಹಿಂದೆ ಬಂದು ಗೆಣ್ಣಿಗೆ ಬಡಿಯುತ್ತಿದೆ. ಸ್ಟಾಕ್ ಗಿಡ್ಡ ಇರಬೇಕು, ಅಥವಾ ಹಿಡಿತ ಸಡಿಲ. ನಿಮಗೆ ಎರಡೂ ಇರಬಹುದು ಎಂದು ನನ್ನ ಅನುಮಾನ. ಬಂದೂಕು ಏರಿಸಿ ನಿಂತಾಗ ಹೆಬ್ಬೆರಳಿಗೂ ಮೂಗಿಗೂ ಮಧ್ಯೆ ಎರಡು ಮೂರು ಬೆರಳಿನ ಜಾಗ ಇರಬೇಕು. ಒಂದೇ ಬೆರಳು ಹಿಡಿಸಿದರೆ ಹಿಂದೆ ಒಂದು ಸೆಂಟಿಮೀಟರ್ ದಪ್ಪದ ರಬ್ಬರ್ ಪ್ಯಾಡ್ ಹಾಕಿಸಿ. ಉದ್ದವೂ ಬರುತ್ತದೆ, ಮೆತ್ತಗೂ ಆಗುತ್ತದೆ.

ಕೆನ್ನೆ: ಇದೇ ದೊಡ್ಡದು. ಇಂಥ ಹಗುರ ಬಂದೂಕುಗಳಲ್ಲಿ ಕೆನ್ನೆ ಊರುವ ಅಂಚು ಸಾಮಾನ್ಯವಾಗಿ ತಗ್ಗಾಗಿರುತ್ತದೆ. ರಿಬ್ (ನಳಿಗೆಯ ಮೇಲಿನ ಗುರಿಪಟ್ಟಿ) ಕಾಣಬೇಕೆಂದರೆ ತಲೆ ಮೇಲೆತ್ತಬೇಕು. ತಲೆ ಎತ್ತಿದರೆ ಕೆನ್ನೆಗೂ ಮರಕ್ಕೂ ಸಂದು ಬೀಳುತ್ತದೆ. ಗುಂಡು ಹೊಡೆದಾಗ ಸ್ಟಾಕ್ ಆ ಸಂದಿನಲ್ಲಿ ಓಡಿ ಬಂದು ಬಡಿಯುತ್ತದೆ. ತಾಗಿಕೊಂಡೇ ಇದ್ದರೆ ಅದು ತಳ್ಳುತ್ತದೆ ಅಷ್ಟೆ. ಪರೀಕ್ಷೆ ಸುಲಭ. ಬಂದೂಕು ಖಾಲಿ ಎಂದು ಎರಡು ಸಲ ನೋಡಿ, ಎದುರಿಗೆ ಯಾರೂ ಇರಬಾರದು. ಕಣ್ಣು ಮುಚ್ಚಿ ಆರಾಮಾಗಿ ಬಂದೂಕು ಏರಿಸಿ, ಕೆನ್ನೆ ಊರಿ, ಕಣ್ಣು ಬಿಡಿ. ರಿಬ್ ಕಾಣದೆ ಬಂದೂಕಿನ ಹಿಂಭಾಗವಷ್ಟೇ ಕಂಡರೆ ಅಂಚು ತಗ್ಗು. ಆಗ ರಟ್ಟಿನ ತುಂಡುಗಳನ್ನು ಒಂದೊಂದಾಗಿ ಇಟ್ಟು ಟೇಪ್ ಸುತ್ತಿ ಎತ್ತರಿಸುತ್ತಾ ಹೋಗಿ. ಮರ ಕೆತ್ತಿಸುವುದು ಆಮೇಲೆ. ಒಂದು ಎಚ್ಚರ: ಅಂಚು ಎತ್ತರಿಸಿದರೆ ಚರೆ ಬೀಳುವ ಜಾಗವೂ ಮೇಲಕ್ಕೆ ಹೋಗುತ್ತದೆ. ದೊಡ್ಡ ಕಾಗದಕ್ಕೆ ಹೊಡೆದು ನೋಡಿಕೊಳ್ಳಿ.

ತೋಳು: ನೀವು ಮೊದಲು ಭುಜಕ್ಕೆ ಇಟ್ಟು ಆಮೇಲೆ ತಲೆ ಬಗ್ಗಿಸುತ್ತೀರಿ, ಅಲ್ವಾ? ಹಾಗೆ ಮಾಡಿದರೆ ಸ್ಟಾಕ್ ಹೊರಗೆ ಜಾರಿ ತೋಳಿನ ಮೇಲೆ ಕೂರುತ್ತದೆ. ಮೊದಲು ಕೆನ್ನೆಗೆ ತನ್ನಿ, ನಂತರ ಭುಜ ತಾನೇ ಮುಂದೆ ಬಂದು ಸೇರಲಿ. ಬಲಮೊಣಕೈ ಸ್ವಲ್ಪ ಎತ್ತಿದರೆ ಎದೆಗೂ ಭುಜಕ್ಕೂ ಮಧ್ಯೆ ಒಂದು ಗುಳಿ ಬೀಳುತ್ತದೆ. ಸ್ಟಾಕಿನ ಜಾಗ ಅದು. ಮೈಭಾರ ಮುಂದಿನ ಕಾಲಿನ ಮೇಲೆ ಸ್ವಲ್ಪ ಜಾಸ್ತಿ ಇರಲಿ. ಹಿಂದೆ ವಾಲಿ ನಿಂತವರನ್ನು ಯಾವ ತೋಟಾ ಆದರೂ ಅಲ್ಲಾಡಿಸುತ್ತದೆ.

ಗ್ಯಾಸ್‌ಗನ್:
ಇಷ್ಟೆಲ್ಲಾ ಯಾಕೆ, ಗ್ಯಾಸಿನಿಂದ ನಡೆಯುವ ಸೆಮಿ-ಆಟೋ (ಮದ್ದಿನ ಅನಿಲದ ಬಲದಿಂದ ಮುಂದಿನ ತೋಟಾ ತಾನೇ ತುಂಬಿಕೊಳ್ಳುವ ಬಂದೂಕು) ತಗೊಂಡರೆ ಮುಗಿಯಿತು! ನಾನು ಬದಲಿಸಿದ ಮೇಲೆ ಭುಜ ಇದೆ ಅನ್ನುವುದೇ ಮರೆತಿದ್ದೇನೆ.

ಚರೆಲೆಕ್ಕ:
ಭುಜ ಮರೆತದ್ದು ನಿಜ ಇರಬಹುದು. ಒಟ್ಟು ತಳ್ಳುವಿಕೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಬೋಲ್ಟು, ಸ್ಪ್ರಿಂಗು ಓಡಾಡುವುದರಿಂದ ಅದು ಹೆಚ್ಚು ಹೊತ್ತಿಗೆ ಹಂಚಿಹೋಗುತ್ತದೆ. ಗುದ್ದು ಹೋಗಿ ನೂಕು ಆಗುತ್ತದೆ. ಆದರೆ ಹಗುರ ತೋಟಾ ಹಾಕಿದರೆ ಕೆಲವು ಸೆಮಿ-ಆಟೋಗಳಲ್ಲಿ ಖಾಲಿ ತೋಟಾ ಹೊರಗೆ ಬೀಳುವುದೇ ಇಲ್ಲ. ಕೊಳ್ಳುವ ಮೊದಲು 24 ಗ್ರಾಂ ಹಾಕಿ ಹೊಡೆದು ನೋಡಬೇಕು.

ಗ್ಯಾಸ್‌ಗನ್:
ಅದು ಹೌದು. ನನ್ನದು 24ಕ್ಕೆ ನಡೆಯುತ್ತದೆ, 21ಕ್ಕೆ ಮುನಿಸಿಕೊಳ್ಳುತ್ತದೆ. ಗ್ಯಾಸಿನ ಭಾಗ ಒರೆಸದೇ ಬಿಟ್ಟರೆ 24ಕ್ಕೂ. ಖಾಲಿ ತೋಟಾ ಪಕ್ಕದಲ್ಲಿ ನಿಂತವರ ಮೇಲೆ ಹಾರಿ ಬೈಸಿಕೊಂಡದ್ದೂ ಇದೆ.

ಕ್ಲೇಕಲಿಕೆ:
ಸದ್ಯಕ್ಕೆ ಹೊಸ ಬಂದೂಕು ಆಗುವುದಿಲ್ಲ. ಇದ್ದದ್ದರಲ್ಲೇ ಸರಿ ಮಾಡಿಕೊಳ್ಳುತ್ತೇನೆ. ಕಣ್ಣು ಮುಚ್ಚುವುದಕ್ಕೆ ಮದ್ದೇನು? ನೋವು ಹೋದರೆ ಅದೂ ಹೋಗುತ್ತದಾ?

ಹಳೇನಳಿಗೆ:
ತಾನಾಗಿ ಹೋಗುವುದಿಲ್ಲ. ಮೈ ಕಲಿತ ಹೆದರಿಕೆ ಅದು, ನೋವು ವಾಸಿಯಾದ ಮೇಲೂ ಉಳಿಯುತ್ತದೆ. ನನಗೆ ಒಂದು ವರ್ಷ ಹಿಡಿದಿತ್ತು, ಯಾಕೆಂದರೆ ನಾನು ಹಟಕ್ಕೆ ಬಿದ್ದು ಇನ್ನೂ ಜಾಸ್ತಿ ಹೊಡೆದೆ.

ಸ್ನೇಹಿತರೊಬ್ಬರನ್ನು ಕರೆದುಕೊಂಡು ಹೋಗಿ. ಅವರೇ ತುಂಬಿಸಿ ಕೊಡಲಿ. ಒಮ್ಮೆ ನಿಜವಾದ ತೋಟಾ, ಒಮ್ಮೆ ಡಮ್ಮಿ, ಅಂದರೆ ಮದ್ದಿಲ್ಲದ ತೋಟಾ. ಯಾವುದು ಅಂತ ನಿಮಗೆ ಗೊತ್ತಾಗಬಾರದು. ಪ್ರತಿ ಸಲವೂ ತುಂಬಿದ ಬಂದೂಕು ಅಂತಲೇ ಹಿಡಿಯಬೇಕು. ಡಮ್ಮಿ ಇದ್ದಾಗ ನಳಿಗೆಯ ಬಾಯಿ ಪಟ್ಟನೆ ಕೆಳಗೆ ಕುಸಿಯುವುದು ನಿಮಗೇ ಕಾಣುತ್ತದೆ. ಮೊದಲ ಸಲ ನೋಡಿದಾಗ ನಾಚಿಕೆಯಾಗುತ್ತದೆ. ಆಗಲಿ.

ಕಿವಿಯನ್ನೂ ಮರೆಯಬೇಡಿ. ಶಾಟ್‌ಗನ್ ಸದ್ದು 140 ಡೆಸಿಬೆಲ್ ದಾಟುತ್ತದೆ. ಮೈ ಬೆಚ್ಚುವುದು ಬರೀ ಒದೆತಕ್ಕಲ್ಲ, ಆ ಸದ್ದಿಗೂ. ಕಿವಿಯೊಳಗೆ ಪ್ಲಗ್, ಮೇಲೆ ಮಫ್, ಎರಡೂ ಹಾಕಿ. ಮಫ್ ಸ್ಟಾಕಿಗೆ ತಾಗಿ ಜರುಗಿದರೆ ತೆಳ್ಳಗಿನದು ತನ್ನಿ. ಮತ್ತೆ ಒಂದು ತಿಂಗಳು ದಿನಕ್ಕೆ ಎರಡೇ ರೌಂಡ್.

ಕ್ಲೇಕಲಿಕೆ:
ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. 24 ಗ್ರಾಂ, 380 ಮೀಟರ್ ತೋಟಾ ಹಿಡಿದೆ. ಪ್ಯಾಡ್ ಹಾಕಿಸಿದೆ. ರಟ್ಟು ನಾಲ್ಕು ಪದರ ಬೇಕಾಯಿತು, ಐದಕ್ಕೆ ಚರೆ ತೀರಾ ಮೇಲೆ ಹೋಯಿತು. ಬೆರಳು ಎರಡನೇ ದಿನವೇ ಸರಿಹೋಯಿತು. ಕೆನ್ನೆಯಲ್ಲಿ ಏನೂ ಇಲ್ಲ. ತೋಳಿನ ನೀಲಿ ಮಾಸಿದೆ, ಅವಸರ ಮಾಡಿದಾಗ ಮಾತ್ರ ಒಂದೆರಡು ಏಟು ಅಲ್ಲಿಗೆ ಬೀಳುತ್ತದೆ. ಡಮ್ಮಿ ಪರೀಕ್ಷೆಯಲ್ಲಿ ಮೊದಲ ದಿನ ಹತ್ತಕ್ಕೆ ಏಳು ಸಲ ನಳಿಗೆ ಕುಸಿಯಿತು, ಮೊನ್ನೆ ಎರಡು ಸಲ.

ಮೊನ್ನೆ ಆಸೆಗೆ ಬಿದ್ದು ಮೂರನೇ ರೌಂಡಿಗೆ ನಿಂತೆ. 17 ಒಡೆದವು. ಆದರೆ ಎರಡನೇ ನಳಿಗೆ ಹೊಡೆಯಬೇಕಾದಾಗ ಬೆರಳು ಎರಡು ಸಲ ಕಚ್ಚಿಕೊಂಡಿತು.

ಹಳೇನಳಿಗೆ:
ಎರಡೇ ರೌಂಡ್ ಅಂದಿದ್ದೆ! ಮೊದಲ ಗುಂಡಿನ ಒದೆತದಲ್ಲಿ ಕೆನ್ನೆ ಮರ ಬಿಟ್ಟು ಎದ್ದಿರುತ್ತದೆ, ಎರಡನೆಯದಕ್ಕೆ ಮೈ ತಯಾರಿಲ್ಲ. ಸ್ವಲ್ಪ ದಿನ ಎರಡನೇ ತೋಟಾ ಹಾಕಲೇಬೇಡಿ. ಒಂದೇ ಹೊಡೆದು, ಕ್ಲೇ ಒಡೆದರೂ ಒಡೆಯದಿದ್ದರೂ ಅದರ ಚೂರು ನೆಲಕ್ಕೆ ಬೀಳುವವರೆಗೆ ಕೆನ್ನೆ ಎತ್ತದೆ ನೋಡುತ್ತಿರಿ.

ಕ್ಲೇಕಲಿಕೆ:
ಸರಿ, ಹಾಗೇ ಮಾಡುತ್ತೇನೆ. ಇನ್ನೊಂದು ಚಿಕ್ಕ ಪ್ರಶ್ನೆ. ಬೆವರಿಗೆ ಟೇಪ್ ಬಿಟ್ಟುಕೊಂಡು ರಟ್ಟು ಜರುಗುತ್ತಿದೆ. ಯಾವ ಟೇಪ್ ಹಾಕುತ್ತೀರಿ?

ಗ್ಯಾಸ್‌ಗನ್:
ಎಲೆಕ್ಟ್ರಿಕ್ ಕೆಲಸದ ಕಪ್ಪು ಟೇಪ್ ಸಾಕು. ಮೊದಲು ಮರದ ಮೇಲಿನ ಎಣ್ಣೆ ಒಣಬಟ್ಟೆಯಲ್ಲಿ ಒರೆಸಿ. ರಟ್ಟಿನ ಬದಲು ತೆಳುವಾದ ಫೋಮ್ ಹಾಳೆ ಇಡಿ, ಬೆವರು ಕುಡಿದು ಉಬ್ಬುವುದಿಲ್ಲ. ಆದರೆ ಫೋಮ್ ಅದುಮಿಕೊಳ್ಳುತ್ತದೆ, ನಾಲ್ಕು ಪದರದ ಲೆಕ್ಕ ಬದಲಾಗುತ್ತದೆ. ಮತ್ತೆ ಕಾಗದಕ್ಕೆ ಹೊಡೆದು ನೋಡಿ.