ಟ್ರಾವೆಲ್ ವಾಚ್ ಸಾಕಾ, ಡೈವ್ ವಾಚೇ ಬೇಕಾ? ರಿಪೇರಿಯಣ್ಣನಿಗೆ ಕೇಳಿ

ಅಡ್ಮಿನ್: ಹಂಪನಕಟ್ಟೆಯ ನಮ್ಮ ವಾಚ್ ರಿಪೇರಿಯಣ್ಣ ಇವತ್ತು ಉತ್ತರ ಕೊಡುತ್ತಾರೆ. ಫಾರ್ವರ್ಡ್ ಹಾಕಬೇಡಿ.

ದುಬೈವಾಲ: ಅಣ್ಣ, ಊರಿಗೆ ಬಂದು ಹೋಗುವವನು ನಾನು. ಎರಡು ಊರಿನ ಟೈಮ್ ತೋರಿಸುವ ಟ್ರಾವೆಲ್ ವಾಚ್ ಸೈಕೋ 5 ಜಿಎಂಟಿ ಸಾಕಾ, ಇಲ್ಲ ಜಾಸ್ತಿ ದುಡ್ಡು ಹಾಕಿ ಡೈವ್ ವಾಚ್ ತೆಗೆಯಲಾ?

ರಿಪೇರಿಯಣ್ಣ: ಎರಡು ಕಡೆಯ ಟೈಮ್ ನೋಡಲಿಕ್ಕೆ ಜಿಎಂಟಿ ಸಾಕು. ನೀರು ತಡೆಯುವ ಲೆಕ್ಕ 100 ಮೀಟರ್ ಉಂಟು, ಈಜಬಹುದು. ಸಿಲಿಂಡರ್ ಕಟ್ಟಿ ಮುಳುಗುವವರಿಗೆ ಡೈವ್ ವಾಚ್.

ಬೆಂದೂರ್‌ವೆಲ್: ಅದು ನಿಜವಾದ ಜಿಎಂಟಿ ಅಲ್ಲ. ಸಣ್ಣ ಗಂಟೆ ಮುಳ್ಳು ಒಂದೊಂದೇ ಗಂಟೆ ಹಾರುವುದಿದೆಯಲ್ಲ, ಅದು ಅಸಲಿ.

ದುಬೈವಾಲ: ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ ಮಾರಾಯ್ರೆ. ಉಳಿದ ಅರ್ಧ ಗಂಟೆಯನ್ನು ಯಾರು ಹಾರಿಸುವುದು?

ರಿಪೇರಿಯಣ್ಣ: ದುಬೈಯವರು ಹೇಳಿದ್ದು ಸರಿ. ಬಜ್ಪೆಯಲ್ಲಿ ಇಳಿದಾಗ ಯಾವ ವಾಚಾದರೂ ನಿಮಿಷದ ಮುಳ್ಳು ತಿರುಗಿಸಲೇಬೇಕು. ಊರಿನ ಟೈಮ್ ಇಟ್ಟು ದುಬೈ ನೋಡುವುದಾದರೆ 24 ಗಂಟೆಯ ಮುಳ್ಳನ್ನು ಒಂದು ಗಂಟೆ ಹಿಂದಿಡಿ, ಗಾಜಿನ ಸುತ್ತಲಿನ ಅಂಕಿಯ ಬಳೆಯನ್ನು (ಬೆಜೆಲ್) ಬಲಕ್ಕೆ ಅರ್ಧ ಗಂಟೆಯಷ್ಟು ತಿರುಗಿಸಿ.

ಕುಂದಾಪ್ರದವ: 100 ಮೀಟರ್ ಅಂದರೆ ಅಷ್ಟು ಆಳಕ್ಕೆ ಹೋಗಬಹುದಾ?

ರಿಪೇರಿಯಣ್ಣ: ಇಲ್ಲ.

ಮಲ್ಪೆ ಹುಡುಗ: ಅಣ್ಣ, ನನ್ನದೂ 100 ಮೀಟರಿನ ಟ್ರಾವೆಲ್ ವಾಚ್. ಭಾನುವಾರ ಸಮುದ್ರಕ್ಕೆ ಇಳಿದಿದ್ದೆ. ಈಗ ಗಾಜಿನ ಒಳಗೆ ಬೆಳಿಗ್ಗೆ ಮಂಜು, ಮಧ್ಯಾಹ್ನ ಇಲ್ಲ. ಡೇಟ್ ಕಿಟಕಿಯ ಅಂಚಿನಲ್ಲಿ ಕಂದು ಚುಕ್ಕೆ. ಆದರೆ ಓಡುತ್ತಾ ಉಂಟು. ಶನಿವಾರ ತರಲಾ? ಇದನ್ನು ಮಾರಿ ಡೈವ್ ವಾಚ್ ತೆಗೆಯುವುದು ಒಳ್ಳೆಯದಾ?

ಉಡುಪಿ ಅಕ್ಕ: ಕುಚ್ಚಲಕ್ಕಿ ಡಬ್ಬದಲ್ಲಿ ಎರಡು ದಿನ ಹೂತಿಡಿ. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಬಂದಿತ್ತು.

ರಿಪೇರಿಯಣ್ಣ: ಅಕ್ಕಿಯೂ ಬೇಡ, ಶನಿವಾರವೂ ಬೇಡ. ಇವತ್ತೇ ತನ್ನಿ. ಮಧ್ಯಾಹ್ನ ಮಂಜು ಕಾಣದಿದ್ದರೆ ನೀರು ಹೋಯಿತು ಅಂತಲ್ಲ. ಬಿಸಿಗೆ ಆವಿಯಾಗಿ ಒಳಗೇ ಇರುತ್ತದೆ, ತಣ್ಣಗಾದ ಕೂಡಲೇ ಗಾಜಿಗೆ ಬಂದು ಕೂರುತ್ತದೆ. ಅಕ್ಕಿ ಇರುವುದು ಸ್ಟೀಲ್ ಕೇಸಿನ ಹೊರಗೆ. ಅದು ಒಳಗಿನ ನೀರನ್ನು ಹೇಗೆ ಎಳೆಯುತ್ತದೆ? ನೀರು ಆರಿದರೂ ಉಪ್ಪು ಅಲ್ಲೇ ಉಳಿದು ಗಾಳಿಯ ತೇವ ಹಿಡಿಯುತ್ತದೆ. ಸ್ಕ್ರೂ, ಸ್ಪ್ರಿಂಗ್, ಕೀ ಕಡ್ಡಿ ಎಲ್ಲದಕ್ಕೂ ತುಕ್ಕು. ನನಗೆ ಚಿಂತೆ ಆ ಕಂದು ಚುಕ್ಕೆಯದ್ದು. ಓಡುತ್ತಾ ಉಂಟು ಅಂತ ಕಟ್ಟಿಕೊಂಡು ತಿರುಗಬೇಡಿ. ಕೀ ಎಳೆದು ನಿಲ್ಲಿಸಿ, ಒಣ ಬಟ್ಟೆಯಲ್ಲಿ ಸುತ್ತಿ ತನ್ನಿ. ಹೇರ್ ಡ್ರೈಯರ್ ಮುಟ್ಟಬೇಡಿ.

ಡೈವ್ ವಾಚಿನ ವಿಷಯ. ಡೈವ್ ವಾಚಿನ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 6425 ಪ್ರಕಾರ ಬರೆದ ಆಳಕ್ಕಿಂತ ಶೇ. 25 ಜಾಸ್ತಿ ಒತ್ತಡದಲ್ಲಿ ಪರೀಕ್ಷೆ ಮಾಡಬೇಕು. 200 ಮೀಟರಿನದ್ದಕ್ಕೆ 250 ಮೀಟರಿನ ಒತ್ತಡ. ಆದರೆ ಅದು ನೀರು ತಡೆಯುವ ವಾಷರ್ ಹೊಸದಿರುವಾಗಿನ ಪರೀಕ್ಷೆ. ವಾಷರ್ ರಬ್ಬರು. ಬಿಸಿನೀರು, ಸೋಪು, ವರ್ಷ ಕಳೆದರೆ ದುಬಾರಿ ವಾಚಿನದ್ದೂ ಗಟ್ಟಿಯಾಗುತ್ತದೆ. ನಿಮ್ಮದರ ಮುಚ್ಚಳ ಯಾರಾದರೂ ತೆಗೆದಿದ್ದರಾ?

ಮಲ್ಪೆ ಹುಡುಗ: ಹೋದ ವರ್ಷ ಒಂದು ಅಂಗಡಿಯಲ್ಲಿ ಸರ್ವಿಸ್ ಮಾಡಿಸಿದ್ದೆ. ವಾಷರ್ ಬದಲಿಸಿದರಾ ಇಲ್ಲವಾ ಹೇಳಲಿಲ್ಲ.

ರಿಪೇರಿಯಣ್ಣ: ಮುಚ್ಚಳ ತೆಗೆದ ಮೇಲೆ ಒತ್ತಡ ನೋಡದಿದ್ದರೆ ಹಿಂಬದಿಯಲ್ಲಿ ಕೊರೆದ 100 ಮೀಟರ್ ಬರೀ ಅಕ್ಷರ. ಮಾರುವ ಮಾತು ಆಮೇಲೆ.

ಕಟಪಾಡಿ: ಸರ್ವಿಸಿಗೆ ಎಷ್ಟಾಗುತ್ತದೆ?

ಬೆಂದೂರ್‌ವೆಲ್: ಅದಕ್ಕೇ ಹೇಳುವುದು, ಒಳ್ಳೆಯ ವಾಚ್ ತೆಗೆಯಿರಿ ಅಂತ.

ದುಬೈವಾಲ: ನಿಮ್ಮನ್ನು ಸೋಮೇಶ್ವರದಲ್ಲಿ ನೋಡಿದ್ದೇನೆ. ಕೈಯಲ್ಲಿ 200 ಮೀಟರ್, ಪ್ಯಾಂಟ್ ಮಡಚಿ ಮೊಣಕಾಲಿನವರೆಗೆ.

ಬೆಂದೂರ್‌ವೆಲ್: ನನ್ನ ದುಡ್ಡು, ನನ್ನ ಮೊಣಕಾಲು. ನಿಮಗೆಂಥ?

ಅಡ್ಮಿನ್: ಇಬ್ಬರೂ ಸಾಕು.

ಕುಂದಾಪ್ರದವ: 50 ಮೀಟರಿನ ವಾಚ್ ಕಟ್ಟಿ ನೇತ್ರಾಣಿಯಲ್ಲಿ ಡೈವ್ ಮಾಡಬಹುದಾ?

ರಿಪೇರಿಯಣ್ಣ: ಬೇಡ. ಮೇಲೆ ಓದಿ.

ಉಡುಪಿ ಅಕ್ಕ: ಗಾಜಿನ ಗೀರಿಗೆ ಟೂತ್‌ಪೇಸ್ಟ್ ಉಜ್ಜಬಹುದಂತೆ?

ರಿಪೇರಿಯಣ್ಣ: ಪ್ಲಾಸ್ಟಿಕ್ ಗಾಜಿಗೆ ಸ್ವಲ್ಪ ನಡೆಯುತ್ತದೆ. ಸಫೈರ್ ಅನ್ನುವ ಗಟ್ಟಿ ಗಾಜಿಗೆ ಏನೂ ಆಗುವುದಿಲ್ಲ. ಪೇಸ್ಟ್ ಹಲ್ಲಿಗೆ ಇರಲಿ ಅಕ್ಕ.

ಉಡುಪಿ ಅಕ್ಕ: ಕೇಳಿದ್ದಕ್ಕೆ ಹೀಗಾ ಉತ್ತರ?

ಕಟಪಾಡಿ: ಸರ್ವಿಸಿಗೆ ಎಷ್ಟು ಅಂತ ಕೇಳಿದ್ದೆ.

ರಿಪೇರಿಯಣ್ಣ: ಮಲ್ಪೆಯವರೇ, ಹೊರಟಿರಾ?

ಮಲ್ಪೆ ಹುಡುಗ: ಬಸ್ಸಿನಲ್ಲಿದ್ದೇನೆ ಅಣ್ಣ, ಸುರತ್ಕಲ್ ದಾಟಿತು. ಅಮ್ಮ ಸ್ವಲ್ಪ ಅಕ್ಕಿಯಲ್ಲಿಟ್ಟೇ ಕಳಿಸಿದ್ದಾರೆ.

ರಿಪೇರಿಯಣ್ಣ: ಅಕ್ಕಿ ಬಸ್ಸಿನಲ್ಲೇ ಬಿಟ್ಟು ಇಳಿಯಿರಿ. ಅದರ ಹುಡಿ ಕೀ ಸಂದಿಗೆ ಹೋದರೆ ಅದನ್ನೂ ನಾನೇ ತೆಗೆಯಬೇಕು. 7 ಗಂಟೆಗೆ ಬಾಗಿಲು ಹಾಕುತ್ತೇನೆ.