ಹತ್ತಿ ಎಲೆಯಲ್ಲಿ ಕಂದು ಉಂಗುರ, ಮೊಗ್ಗೂ ಒಣಗುತ್ತಿದೆ: ಇದು ಯಾವ ವೈರಸ್?

ಎರೆಹೊಲ_ಮಾನ್ವಿ:
ಎಲ್ಲರಿಗೂ ನಮಸ್ಕಾರ. ಮಾನ್ವಿ ಕಡೆ ನಮ್ಮದು ನಾಲ್ಕು ಎಕರೆ ಬಿಟಿ ಹತ್ತಿ. ಮೊಗ್ಗು ಹಿಡಿಯುವ ಹೊತ್ತಿಗೆ ಸರಿಯಾಗಿ ಕಾಟ ಶುರುವಾಗಿದೆ. ಮೇಲಿನ ಎಲೆಗಳಲ್ಲಿ ಮೊದಲು ತಿಳಿ ಹಳದಿ ಮಚ್ಚೆ ಬರುತ್ತೆ, ಆಮೇಲೆ ಅದೇ ಜಾಗ ನೇರಳೆ-ಕಂದು ಬಣ್ಣಕ್ಕೆ ತಿರುಗಿ ಒಣಗುತ್ತೆ, ಕೆಲವು ಕಡೆ ಮಚ್ಚೆ ಉಂಗುರದ ಆಕಾರದಲ್ಲೇ ಇದೆ. ಸಣ್ಣ ಮೊಗ್ಗುಗಳೂ ಕಪ್ಪಾಗಿ ಉದುರುತ್ತಿವೆ. ಔಷಧಿ ಅಂಗಡಿಯವರು ಫೋಟೋ ನೋಡಿ "ಇದು ಪಂಜಾಬಿನ ಎಲೆ ಮುದುರು ವೈರಸ್, ಬಿಳಿ ನೊಣದ್ದು" ಅಂತ ಎರಡು ಬಾಟಲಿ ಕೊಟ್ಟರು. ಒಂದರ ಮೇಲೆ ವೈರಸ್‌ಗೆ ರಾಮಬಾಣ ಅಂತ ಬರೆದಿದೆ. ಇನ್ನೂ ಹೊಡೆದಿಲ್ಲ. ಅಲ್ಲ, ಬಿಟಿ ಬೀಜಕ್ಕೂ ವೈರಸ್ ಬರುತ್ತಾ?

ಸಿಂಧನೂರು_ರೈತ:
ಬಿಟಿ ಇರೋದು ಕಾಯಿಕೊರಕ ಹುಳುವಿಗೆ ಅಣ್ಣಾ, ವೈರಸ್‌ಗೂ ಅದಕ್ಕೂ ಸಂಬಂಧ ಇಲ್ಲ. ಬಾಟಲಿ ಹಾಗೇ ಇರಲಿ, ಮೊದಲು ಎಲೆ ತಿರುಗಿಸಿ ನೋಡಿ. ಜಿಗಿಹುಳು ಜಾಸ್ತಿ ಇದ್ದರೆ ಎಲೆಯ ಅಂಚು ಹಳದಿಯಾಗಿ, ಕೆಂಪಾಗಿ ಕೆಳಕ್ಕೆ ಮಡಚಿಕೊಳ್ಳುತ್ತೆ. ಎಲೆ ಅಲುಗಾಡಿಸಿದರೆ ಹಸಿರು ಹುಳು ಅಡ್ಡಡ್ಡ ಓಡುತ್ತೆ. ಪಕ್ಕದ ಭತ್ತದ ಗದ್ದೆಗೆ ಯಾರಾದರೂ ಕಳೆಗೆ 2,4-ಡಿ ಹೊಡೆದಿದ್ದಾರಾ, ಅದನ್ನೂ ಕೇಳಿ. ಗಾಳಿಗೆ ಅದರ ಹನಿ ಬಂದು ಬಿದ್ದರೂ ಹತ್ತಿ ಎಲೆ ಸೀಳಿಕೊಂಡು ಬೆಂಡೆ ಎಲೆ ಥರ ಆಗುತ್ತೆ. ನಮ್ಮ ಕಡೆ ಅದನ್ನೇ ವೈರಸ್ ಅಂದುಕೊಂಡು ಔಷಧಿಗೆ ದುಡ್ಡು ಸುರಿದವರು ಇದ್ದಾರೆ.

ಎರೆಹೊಲ_ಮಾನ್ವಿ:
ಪಕ್ಕದಲ್ಲಿ ಭತ್ತ ಇಲ್ಲ ಅಣ್ಣಾ, ಎರಡೂ ಕಡೆ ತೊಗರಿ. ಜಿಗಿಹುಳು ಅಲ್ಲೊಂದು ಇಲ್ಲೊಂದು ಅಷ್ಟೇ. ಎಲೆ ಸೀಳಿಲ್ಲ, ಅಂಚೂ ಮಡಚಿಲ್ಲ. ಒಂದು ಗಮನಿಸಿದೆ, ಹೊಲದ ನಡುವೆ ಕಡಿಮೆ, ದಾರಿ ಕಡೆಯ ಬದುವಿನ ಪಕ್ಕದ ಸಾಲುಗಳಲ್ಲಿ ಜಾಸ್ತಿ.

ಸಸ್ಯರೋಗ_ಓದಿದವ:
ಆ ಬದುವಿನ ಮೇಲೆ ಕಾಂಗ್ರೆಸ್ ಕಸ ಹೂ ಬಿಟ್ಟು ನಿಂತಿದೆಯಾ? ಹೌದಾದರೆ ನನ್ನ ಅನುಮಾನ ಎಲೆ ಮುದುರು ವೈರಸ್ ಮೇಲಲ್ಲ, ಟೊಬ್ಯಾಕೊ ಸ್ಟ್ರೀಕ್ ವೈರಸ್ ಮೇಲೆ, ಅಂದರೆ ಟಿಎಸ್‌ವಿ.

ಎರಡನ್ನೂ ಬೇರೆ ಮಾಡೋದು ಕಷ್ಟವಲ್ಲ. ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದು ಕೆಳಗಿಂದ ನೋಡಿ. ಎಲೆ ಮುದುರು ರೋಗವಾದರೆ ನರಗಳು ದಪ್ಪಗಾಗಿ ಕಡು ಹಸಿರಾಗಿ ಕಾಣುತ್ತವೆ, ಕೆಲವೊಮ್ಮೆ ಎಲೆಯ ಹಿಂಬದಿ ನರದ ಮೇಲೆ ಪುಟ್ಟ ಎಲೆಯಂಥದ್ದೇ ಚಿಗುರಿರುತ್ತೆ, ಗಿಡ ಕುಳ್ಳಾಗುತ್ತೆ. ಆದರೆ ಎಲೆ ಹೀಗೆ ಉಂಗುರ ಉಂಗುರವಾಗಿ ಸುಟ್ಟಂತೆ ಒಣಗೋದು ಅದರ ಲಕ್ಷಣ ಅಲ್ಲ. ಆ ರೋಗ ಉತ್ತರದವರ ತಲೆನೋವು, 1993ರಲ್ಲಿ ರಾಜಸ್ಥಾನದ ಶ್ರೀಗಂಗಾನಗರದಲ್ಲಿ ಕಂಡು ಆಮೇಲೆ ಪಂಜಾಬ್, ಹರಿಯಾಣಕ್ಕೆಲ್ಲ ಹಬ್ಬಿತು. ಹಾಗಂತ ನಮ್ಮ ರಾಜ್ಯದಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೂ ಇಲ್ಲ, ಬೆಂಗಳೂರಿನ ಹೆಸರಿನದ್ದೇ ಒಂದು ಹತ್ತಿ ಎಲೆ ಮುದುರು ವೈರಸ್ ಇದೆ.

ಟಿಎಸ್‌ವಿ ಹರಡುವ ಬಗೆಯೇ ಬೇರೆ, ಬಿಳಿ ನೊಣಕ್ಕೂ ಅದಕ್ಕೂ ಸಂಬಂಧವಿಲ್ಲ. ಕಾಂಗ್ರೆಸ್ ಗಿಡದಲ್ಲಿ ವೈರಸ್ ಇದ್ದರೂ ಗಿಡ ಹಚ್ಚಗೆ ಚೆನ್ನಾಗೇ ಕಾಣುತ್ತೆ. ವೈರಸ್ ಅದರ ಹೂವಿನ ಪುಡಿಯಲ್ಲಿರುತ್ತೆ. ಆ ಪುಡಿ ಮೈಗೆ ಅಂಟಿಕೊಂಡ ಥ್ರಿಪ್ಸ್ ಅನ್ನೋ ಪುಟ್ಟ ಹುಳು ಹತ್ತಿ ಎಲೆ ಕೆರೆದು ರಸ ಹೀರುವಾಗ ಆ ಗಾಯದಿಂದ ವೈರಸ್ ಒಳಗೆ ಹೋಗುತ್ತೆ. ಬದುವಿನ ಸಾಲಲ್ಲೇ ರೋಗ ಜಾಸ್ತಿ ಅಂದಾಗ ನನಗೆ ಅನುಮಾನ ಬಂದಿದ್ದು ಇದಕ್ಕೇ.

ಸಿರಗುಪ್ಪ_ಹಳಬ:
ಸೂರ್ಯಕಾಂತಿ ಹಾಕಿದವರಿಗೆ ಇದು ಗೊತ್ತು. 1997ರಲ್ಲಿ ಬಾಗೇಪಲ್ಲಿ ಕಡೆ ಕಾಣಿಸಿಕೊಂಡ ಆ ಒಣಗುವ ರೋಗ ಇದೇ ವೈರಸ್‌ದು. 2000ದಲ್ಲಿ ನಮ್ಮ ಬಳ್ಳಾರಿ ಪಕ್ಕದ ಅನಂತಪುರದಲ್ಲಿ ಶೇಂಗಾ ಹಾಳು ಮಾಡಿದ್ದೂ ಇದೇ. ಶೇಂಗಾ, ಸೂರ್ಯಕಾಂತಿಗೆ ಆಗ ಹೇಳಿದ ಉಪಾಯ ಏನಂದ್ರೆ ಹೊಲದ ಸುತ್ತ ಜೋಳವನ್ನು ಒತ್ತಾಗಿ ಕೆಲವು ಸಾಲು ಬಿತ್ತೋದು, ಥ್ರಿಪ್ಸ್‌ಗೆ ಅಡ್ಡ ಆಗುತ್ತೆ ಅಂತ. ಈ ವರ್ಷ ತಡವಾಯ್ತು ಬಿಡಿ, ಮುಂದಿನ ಬಿತ್ತನೆಗೆ ನೋಡಿ.

ಎರೆಹೊಲ_ಮಾನ್ವಿ:
ಬದುವಿನ ತುಂಬಾ ಕಾಂಗ್ರೆಸ್ ಕಸವೇ ಸರ್, ಬೆಳ್ಳಗೆ ಹೂವು. ಬಿಸಿಲಿಗೆ ಹಿಡಿದು ನೋಡಿದೆ, ನರ ದಪ್ಪ ಇಲ್ಲ. ಹಾಗಾದರೆ ಬಾಟಲಿ ವಾಪಸ್ ಕೊಡಲಾ? ಖಚಿತ ಮಾಡಿಕೊಳ್ಳೋದು ಹೇಗೆ?

ಸಸ್ಯರೋಗ_ಓದಿದವ:
ಕೊಟ್ಟುಬಿಡಿ. ವೈರಸ್ ಹೊಕ್ಕ ಗಿಡವನ್ನು ವಾಸಿ ಮಾಡುವ ಔಷಧಿ ಯಾವ ಅಂಗಡಿಯಲ್ಲೂ ಇಲ್ಲ. ರಾಮಬಾಣ ಅಂತ ಬರೆದಿದ್ದರೆ ಇನ್ನೂ ಅನುಮಾನ ಪಡಬೇಕು.

ಕಣ್ಣಲ್ಲಿ ನೋಡಿ ಹೇಳೋದು ಅಂದಾಜು ಮಾತ್ರ, ಖಚಿತಕ್ಕೆ ಲ್ಯಾಬೇ ಬೇಕು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಸಸ್ಯರೋಗ ವಿಭಾಗದಲ್ಲಿ ವಿಚಾರಿಸಿ, ನಿಮಗೆ ಹತ್ತಿರ. ಪೂರ್ತಿ ಒಣಗಿದ ಎಲೆ ಒಯ್ಯಬೇಡಿ, ಅದರಲ್ಲಿ ಏನೂ ಸಿಗೋದಿಲ್ಲ. ಈಗಷ್ಟೇ ಮಚ್ಚೆ ಮೂಡುತ್ತಿರುವ ಎಳೆ ಎಲೆ ತೊಟ್ಟಿನ ಸಮೇತ ಕಿತ್ತು ಪೇಪರಲ್ಲಿ ಸುತ್ತಿ, ಕವರಿಗೆ ಹಾಕಿ, ತಂಪಾಗಿಟ್ಟು ಅದೇ ದಿನ ತಲುಪಿಸಿ. ನೀರು ಚಿಮುಕಿಸಬೇಡಿ, ಕೊಳೆಯುತ್ತೆ. ಹೋಲಿಸೋಕೆ ರೋಗವಿಲ್ಲದ ಗಿಡದ ಎಲೆಯನ್ನೂ ಬೇರೆ ಕವರಲ್ಲಿ ಒಯ್ಯಿರಿ.

ಇನ್ನೊಂದು, ಟಿಎಸ್‌ವಿ ಅನುಮಾನ ಅಂತ ಬಾಯಿಬಿಟ್ಟು ಹೇಳಿ. ಎಲೆ ಮುದುರು ವೈರಸ್ ಡಿಎನ್‌ಎ ಜಾತಿಯದು, ಅದಕ್ಕೆ ಪಿಸಿಆರ್ ಅನ್ನೋ ಲ್ಯಾಬ್ ಪರೀಕ್ಷೆ ಮಾಡುತ್ತಾರೆ. ಟಿಎಸ್‌ವಿ ಆರ್‌ಎನ್‌ಎ ಜಾತಿಯದು, ಇದನ್ನು ಎಲೈಸಾ ಅಥವಾ ಆರ್‌ಟಿ-ಪಿಸಿಆರ್ ಅನ್ನೋ ಬೇರೆ ಪರೀಕ್ಷೆಯಲ್ಲಿ ಹಿಡಿಯಬೇಕು. ಸುಮ್ನೆ "ವೈರಸ್ ಇದೆಯಾ ನೋಡಿ" ಅಂತ ಕೊಟ್ಟು ಅವರು ಬರೀ ಮೊದಲನೆಯದಕ್ಕೆ ನೋಡಿದರೆ ಇಲ್ಲ ಅಂತ ಬರುತ್ತೆ, ನೀವು ವೈರಸ್ಸೇ ಅಲ್ಲ ಅಂದುಕೊಳ್ಳುತ್ತೀರಿ.

ಅಷ್ಟರಲ್ಲಿ ಬದುವಿನ ಕಸ ಕೀಳಿಸಿ. ಕೈಗವಸು ಹಾಕಿಕೊಳ್ಳಲಿ, ಕಾಂಗ್ರೆಸ್ ಕಸ ಕೆಲವರಿಗೆ ವಿಪರೀತ ಅಲರ್ಜಿ.

ಎರೆಹೊಲ_ಮಾನ್ವಿ:
ಆಯ್ತು ಸರ್, ನಾಳೆ ಬೆಳಿಗ್ಗೆ ಎಲೆ ಕಿತ್ತು ನೇರ ರಾಯಚೂರಿಗೇ ಹೋಗುತ್ತೇನೆ. ಕಸ ಕೀಳೋಕೆ ಆಳು ಸಿಗೋದೇ ಕಷ್ಟ, ಎಲ್ಲರೂ ಭತ್ತದ ನಾಟಿಗೆ ಹೋಗುತ್ತಿದ್ದಾರೆ. ಸಿಗಲಿಲ್ಲ ಅಂದ್ರೆ ದಾರಿ ಕಡೆಯ ಬದುವಾದರೂ ನಾನೂ ತಮ್ಮನೂ ಸೇರಿ ಕಿತ್ತು ಹಾಕುತ್ತೇವೆ.

ಸಿಂಧನೂರು_ರೈತ:
ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕಿ ಅಣ್ಣಾ. ನಮ್ಮ ಬದುವಿನ ಮೇಲೂ ಅದೇ ಕಸ ಇದೆ.